ಮೂಗು ಊದಿಕೊಂಡಾಗ

ಕೇಳುಗರಿಗೆ ನಮಸ್ಕಾರ. ಕ್ರಿಕೆಟ್ ಚೆಂಡು ಮೂಗಿಗೆ ಬಡಿದು ಮಗು ಅಳುತ್ತ ಮನೆಗೆ ಬಂದರೆ, ಒಬ್ಬರು ಅದರ ತಲೆಯನ್ನು ಹಿಂದಕ್ಕೆ ವಾಲಿಸಿ ಹಿಡಿಯುತ್ತಾರೆ, ಇನ್ನೊಬ್ಬರು ಅರಿಶಿನ, ಸುಣ್ಣ ಕಲಸಲು ಅಡುಗೆಮನೆಗೆ ಓಡುತ್ತಾರೆ. ಎರಡೂ ಅಕ್ಕರೆಯಿಂದ ಮಾಡುವಂಥವೇ. ಆದರೆ ಎರಡೂ ಬೇಡ. ತಲೆ ಹಿಂದಕ್ಕೆ ವಾಲಿದರೆ ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಸುಣ್ಣವಂತೂ ಎಳೆಯ ಚರ್ಮವನ್ನು ಸುಡುತ್ತದೆ.

ಮಗುವನ್ನು ನೆಟ್ಟಗೆ ಕೂರಿಸಿ, ತುಸು ಮುಂದಕ್ಕೆ ಬಾಗಿಸಿ, ಮೂಗಿನ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳುಗಳಿಂದ ಒತ್ತಿ ಹಿಡಿದು, ಬಾಯಿಂದ ಉಸಿರಾಡಲು ಹೇಳಬೇಕು. ಗಡಿಯಾರ ನೋಡಿಕೊಂಡು 10ರಿಂದ 15 ನಿಮಿಷ ಬಿಡದೆ ಹಿಡಿಯಬೇಕು. ನಿಂತಿತೇ ಎಂದು ನಡುನಡುವೆ ಬಿಟ್ಟು ನೋಡುವ ಚಪಲದಿಂದಲೇ ಅನೇಕ ಬಾರಿ ರಕ್ತ ನಿಲ್ಲುವುದಿಲ್ಲ. ಆಮೇಲೆ ಮಂಜುಗಡ್ಡೆಯನ್ನು ಕರವಸ್ತ್ರದಲ್ಲಿ ಸುತ್ತಿ 10 ನಿಮಿಷ ಮೂಗಿನ ಮೇಲೆ ಹಗುರವಾಗಿ ಇರಿಸಿ. ಫ್ರಿಜ್ ಇಲ್ಲದಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೂ ಆದೀತು. ಮೊದಲ ಎರಡು ದಿನ, ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಬಹುದು. ಬಿಸಿ ಶಾಖ ಕೊಟ್ಟರೆ ರಕ್ತನಾಳಗಳು ಹಿಗ್ಗಿ ಬಾವು ಏರುತ್ತದೆ. ರಾತ್ರಿ ತಲೆದಿಂಬು ಎತ್ತರವಾಗಿರಲಿ. ನೋವಿಗೆ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಬೇಡ.

ಹೊರಗಿನ ಬಾವು ನೋಡಲು ಭಯಂಕರವಾಗಿದ್ದರೂ ತಾನಾಗಿಯೇ ಇಳಿಯುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಒಳಗಿನ ಬಾವು. ಅದೇ ದಿನ ಸಂಜೆ ಮತ್ತು ಮರುದಿನ, ಮೂಗಿನ ತುದಿಯನ್ನು ಮೆಲ್ಲನೆ ಮೇಲೆತ್ತಿ ಟಾರ್ಚ್ ಹಿಡಿದು ನೋಡಿ. ಹೊಳ್ಳೆಗಳ ನಡುವಣ ಗೋಡೆಯ ಒಂದು ಅಥವಾ ಎರಡೂ ಬದಿಯಲ್ಲಿ ಕೆಂಪಾದ ಇಲ್ಲವೇ ನೇರಳೆ ಬಣ್ಣದ ಮೆತ್ತನೆಯ ಉಬ್ಬು ಕಂಡರೆ, ಅಥವಾ ಮೂಗು ಪೂರ್ತಿ ಕಟ್ಟಿಕೊಂಡು ನೋವು ಏರುತ್ತಿದ್ದರೆ, ಅಲ್ಲಿ ರಕ್ತ ಮಡುಗಟ್ಟಿರಬಹುದು. ಆ ಗೋಡೆಯ ಮೃದ್ವಸ್ಥಿಗೆ, ಅಂದರೆ ಬಾಗುವ ಮೆದು ಎಲುಬಿಗೆ, ತನ್ನದೇ ರಕ್ತನಾಳಗಳಿಲ್ಲ. ಅದು ತನಗಂಟಿಕೊಂಡ ತೆಳುಪೊರೆಯಿಂದ ಪೋಷಣೆ ಪಡೆಯುತ್ತದೆ. ನಡುವೆ ರಕ್ತ ತುಂಬಿ ಪೊರೆ ಬೇರ್ಪಟ್ಟರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸತ್ತು, ಮೂಗಿನ ಮೇಲ್ಭಾಗ ಕುದುರೆಯ ಜೀನಿನಂತೆ ತಗ್ಗಾಗಿಬಿಡಬಹುದು. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣಿಸದಾದ್ದರಿಂದ, ಎಕ್ಸ್‌ರೇ ಸರಿಯಾಗಿದೆ ಎಂದು ಸುಮ್ಮನಿರದೆ ಆ ದಿನವೇ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ಪೆಟ್ಟಿನ ನಂತರ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಪ್ರಜ್ಞೆ ತಪ್ಪಿದರೆ ಒಂದು ಗಳಿಗೆಯೂ ಕಾಯಬಾರದು.

ಪೆಟ್ಟಿಲ್ಲದೆಯೂ ಮೂಗು ಊದುವುದುಂಟು. ಹೊಳ್ಳೆಯೊಳಗಿನ ಕೂದಲು ಕಿತ್ತ ಜಾಗದಲ್ಲಿ ಕುರು ಎದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಹದವಾದ ಶಾಖ ಹಿತ. ಹಿಸುಕುವುದು ಮಾತ್ರ ಅಪಾಯ, ಏಕೆಂದರೆ ಅಲ್ಲಿನ ರಕ್ತನಾಳಗಳಿಗೆ ತಲೆಬುರುಡೆಯ ಒಳಗಿನ ನಾಳಗಳೊಂದಿಗೆ ಸಂಪರ್ಕವಿದೆ. ಜ್ವರ ಬಂದರೆ, ಕೆಂಪು ಕೆನ್ನೆಗೋ ಕಣ್ಣಿಗೋ ಹಬ್ಬಿದರೆ, ಅಥವಾ ಮಧುಮೇಹವಿದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಪೆಟ್ಟು ಬಿದ್ದ ಮೂಗು ಸೊಟ್ಟಗಾಗಿದೆಯೇ ಎಂಬುದು ಬಾವಿರುವಾಗ ತಿಳಿಯದು. ಮೂರರಿಂದ ಐದು ದಿನಗಳಲ್ಲಿ ಬಾವು ಇಳಿದ ಮೇಲೆ, ಹಳೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು ನೇರವಾಗಿ ನೋಡಿ. ಸೊಟ್ಟ ಕಂಡರೆ ತಡಮಾಡಬೇಡಿ. ದೊಡ್ಡವರಲ್ಲಿ ಎರಡು ವಾರದೊಳಗೆ, ಮಕ್ಕಳಲ್ಲಿ ಸುಮಾರು ಒಂದೇ ವಾರದೊಳಗೆ ಮೂಳೆಯನ್ನು ಸುಲಭವಾಗಿ ಕೂರಿಸಬಹುದು, ಆಮೇಲೆ ಅದು ಇದ್ದಂತೆಯೇ ಕೂಡಿಕೊಳ್ಳುತ್ತದೆ.