ಹಳೆಯ ಮೊಬೈಲಿನ ದನಿ

ಕೇಳುಗರಿಗೆ ನಮಸ್ಕಾರ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಹಳೆಯ ಬಟನ್ ಮೊಬೈಲ್ ಇನ್ನೂ ಇರುತ್ತದೆ. ಅದರಲ್ಲಿ ಅಜ್ಜಿ ಹಾಡಿದ ಪಾಡ್ದನ ಇರಬಹುದು, ಗಲ್ಫಿನಲ್ಲಿದ್ದ ಮಗನಿಗೆಂದು ಅಪ್ಪ ರೆಕಾರ್ಡ್ ಮಾಡಿದ ಮಾತು ಇರಬಹುದು. ಫೈಲಿನ ಹೆಸರಿನ ಕೊನೆಯಲ್ಲಿ ಎಎಂಆರ್ ಅಂತ ಇದ್ದರೆ ದಯವಿಟ್ಟು ಅಳಿಸಬೇಡಿ. ಅದು ಮಾತನ್ನು ಕುಗ್ಗಿಸಿ ಇಡುವ ಒಂದು ವಿಧಾನ. ಎಫ್‌ಎಫ್‌ಎಂಪೆಗ್‌ನಂಥ ಉಚಿತ ಕೋಡೆಕ್ ಲೈಬ್ರರಿಗಳು, ಅಂದರೆ ಕುಗ್ಗಿಸಿದ ಸದ್ದನ್ನು ಬಿಡಿಸುವ ತಂತ್ರಾಂಶಗಳು, ಅದನ್ನು ಇವತ್ತಿಗೂ ಓದುತ್ತವೆ. ಓದುವಾಗ ನಡೆಯುವ ಒಂದು ಸಣ್ಣ ಕೆಲಸದ ಬಗ್ಗೆ ಇವತ್ತು ಹೇಳುತ್ತೇನೆ. ಅದು ಪಾರ್ಸಿಂಗ್, ಅಂದರೆ ಫೈಲಿನ ಬೈಟ್‌ಗಳ ಸಾಲನ್ನು ಸರಿಯಾದ ತುಂಡುಗಳಾಗಿ ಬಿಡಿಸುವುದು. ಅದನ್ನು ಮಾಡುವ ಭಾಗವೇ ಪಾರ್ಸರ್.

ಎಎಂಆರ್‌ನಲ್ಲಿ ಮಾತು 20 ಮಿಲಿಸೆಕೆಂಡಿನ ಫ್ರೇಮ್‌ಗಳಾಗಿ, ಅಂದರೆ ಸಣ್ಣ ಸಣ್ಣ ತುಂಡುಗಳಾಗಿ ಕೂತಿರುತ್ತದೆ. ಸೆಕೆಂಡಿಗೆ 50 ಫ್ರೇಮ್. ಕುಗ್ಗಿಸದೆ ಇಟ್ಟರೆ ಒಂದಕ್ಕೆ 320 ಬೈಟ್ ಬೇಕು. ಇಲ್ಲಿ ಅತಿ ಒಳ್ಳೆಯ ಗುಣಮಟ್ಟಕ್ಕೂ 32 ಸಾಕು, ಅತಿ ಕಡಿಮೆಗೆ 13. ಗಾತ್ರ ಎಷ್ಟು ಅನ್ನುವುದು ಫ್ರೇಮಿನ ಮೊದಲ ಬೈಟ್ ನೋಡಿದರೆ ಗೊತ್ತಾಗುತ್ತದೆ. ಆದರೆ ಫ್ರೇಮ್ ಇಲ್ಲಿಂದ ಶುರು ಅಂತ ಹೇಳುವ ಬೇರೆ ಗುರುತು ಇಲ್ಲ. ಒಂದು ಬೈಟ್ ಆಚೀಚೆಯಾದರೂ ಮುಂದಿನದೆಲ್ಲ ಬರೀ ಕರ್ಕಶ ಸದ್ದು.

ಪ್ರೋಗ್ರಾಂ ಫೈಲನ್ನು ಒಮ್ಮೆಗೆ 1024 ಬೈಟ್‌ನಂತೆ ಓದುತ್ತಿದೆ ಅಂದುಕೊಳ್ಳಿ. ಆರಂಭದ 6 ಬೈಟ್ ಫೈಲಿನ ಗುರುತಿಗೆ ಹೋಯಿತು. ಆಮೇಲೆ 32 ಬೈಟಿನ 31 ಫ್ರೇಮ್ ಪೂರ್ತಿ ಸಿಗುತ್ತವೆ. ಇನ್ನೂ 26 ಬೈಟ್ ಉಳಿಯುತ್ತದೆ, ಅದು ಅರೆಬರೆ ಫ್ರೇಮ್. ಪಾರ್ಸರ್ ಅದನ್ನು ಬಿಸಾಡಬಾರದು, ಫ್ರೇಮನ್ನು ಮತ್ತೆ ಸದ್ದಾಗಿಸುವ ಡಿಕೋಡರ್‌ಗೆ ಹಾಗೇ ಕೊಡಲೂಬಾರದು. ಜೋಪಾನವಾಗಿ ಇಟ್ಟುಕೊಂಡು, ಮುಂದಿನ ಓದಿನಲ್ಲಿ ಬರುವ 6 ಬೈಟ್ ಸೇರಿಸಿಯೇ ಕಳಿಸಬೇಕು.

ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸುವುದು ಮೌನ. ಮಾತು ನಿಂತಾಗ ಜಾಗ ಉಳಿಸುವ ಏರ್ಪಾಡು ಎಎಂಆರ್‌ನಲ್ಲಿದೆ. ಅದನ್ನು ಬಳಸಿದ ಫೈಲಿನಲ್ಲಿ ಹಿನ್ನೆಲೆ ಸದ್ದಿನ ವಿವರಕ್ಕೆ 6 ಬೈಟಿನ ಫ್ರೇಮ್ ನಡುನಡುವೆ ಬರುತ್ತದೆ. ಉಳಿದವು ಒಂದೇ ಬೈಟಿನವು, ಒಳಗೆ ಏನೂ ಇಲ್ಲ. ಖಾಲಿ ಅಂತ ಅವನ್ನು ಸುಮ್ನೆ ದಾಟಿಸಿಬಿಟ್ಟರೆ? ಪ್ರತಿಯೊಂದಕ್ಕೂ 20 ಮಿಲಿಸೆಕೆಂಡ್ ಕಳೆದುಹೋಗುತ್ತದೆ. ಅಜ್ಜಿ ಒಂದು ಸಾಲು ಹಾಡಿ ಉಸಿರು ತೆಗೆದುಕೊಂಡ ಹೊತ್ತು ಮಾಯವಾಗಿ, ಸಾಲಿಗೆ ಸಾಲು ಅಂಟಿಕೊಳ್ಳುತ್ತದೆ. ಆ ಬಿಡುವೂ ಹಾಡಿನದೇ ಭಾಗ ಅಲ್ವಾ?

ಸುರತ್ಕಲ್, ಮಣಿಪಾಲ, ನಿಟ್ಟೆಯಲ್ಲಿ ಓದುತ್ತಿರುವ ಮಕ್ಕಳು ಕೇಳುತ್ತಿದ್ದರೆ ಒಂದು ಮಾತು. ಎಎಂಆರ್ ಪಾರ್ಸರ್ ಒಂದನ್ನು ನೀವೇ ಬರೆದು ನೋಡಿ. ಮೊದಲು ಇಡೀ ಫೈಲನ್ನು ಒಟ್ಟಿಗೆ ಕೊಡಿ. ಆಮೇಲೆ ಅದೇ ಫೈಲನ್ನು ಒಂದೊಂದೇ ಬೈಟ್ ಆಗಿ ಕೊಡಿ. ಎರಡು ಸಲವೂ ಅವೇ ಫ್ರೇಮ್‌ಗಳು, ಅಷ್ಟೇ ಸಂಖ್ಯೆಯಲ್ಲಿ ಬರಬೇಕು. ಬರದಿದ್ದರೆ, ಉಳಿದ ಬೈಟ್‌ಗಳನ್ನು ಎತ್ತಿಡುವ ಜಾಗವನ್ನೇ ಮೊದಲು ಹುಡುಕಿ ನೋಡಿ. ನಮಸ್ಕಾರ.