ಕಲಿತ ಮಾತು ಮರೆಯೋ ಮಕ್ಕಳು, ಮೆದುಳಿನ ಜೀನ್‌ಗಳು

ಕೇಳುಗರಿಗೆಲ್ಲ ನಮಸ್ಕಾರ. ನಾನು ಬೆಂಗಳೂರಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಮೆದುಳಲ್ಲಿ ಜೀನ್‌ಗಳ ಹತೋಟಿ ಹೇಗೆ ನಡೆಯುತ್ತೆ ಅನ್ನೋದು ನನ್ನ ವಿಷಯ. ನಮ್ಮ ಮೈಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಜೀವಕೋಶದಲ್ಲೂ ಇರೋದು ಅದೇ ಡಿಎನ್‌ಎ, ಪ್ರೋಟೀನ್ ಮಾಡಿಸೋ ಸುಮಾರು 20,000 ಜೀನ್‌ಗಳು, ಲಿವರ್‌ನಲ್ಲೂ ಅವೇ ಮೆದುಳಲ್ಲೂ ಅವೇ. ಆದ್ರೆ ಯಾವುದು ಯಾವಾಗ ಎಷ್ಟು ಕೆಲಸ ಮಾಡ್ಬೇಕು ಅನ್ನೋದು ಕೋಶದಿಂದ ಕೋಶಕ್ಕೆ ಬೇರೆ, ಆ ಲೆಕ್ಕ ತಪ್ಪಿದ್ರೆ ಏನಾಗುತ್ತೆ ಅಂತ ತಿಳ್ಕೊಳ್ಳೋಕೆ ರೆಟ್ ಸಿಂಡ್ರೋಮ್ ಅನ್ನೋ ಮೆದುಳಿನ ಕಾಯಿಲೆ ನೋಡ್ಬೇಕು.

ಇದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಬರುತ್ತೆ, ಸುಮಾರು 10,000ಕ್ಕೆ ಒಬ್ಬರಿಗೆ. ಮಗು ಹುಟ್ಟಿದಾಗ ಚೆನ್ನಾಗೇ ಇರುತ್ತೆ, ನಗುತ್ತೆ, ಆಟದ ಸಾಮಾನು ಹಿಡ್ಕೊಳ್ಳುತ್ತೆ, ಕೆಲವು ಮಕ್ಕಳು ಒಂದೆರಡು ಮಾತೂ ಆಡ್ತಿರ್ತಾರೆ. ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಬೆಳವಣಿಗೆ ನಿಧಾನ ಆಗುತ್ತೆ, ಆಮೇಲೆ ಕಲಿತಿದ್ದೂ ಹೋಗ್ತಾ ಬರುತ್ತೆ, ಮಾತು ನಿಲ್ಲುತ್ತೆ, ಬಿಸ್ಕತ್ತು ಹಿಡೀತಿದ್ದ ಕೈ ಈಗ ಹಿಡಿಯಲ್ಲ, ಎರಡೂ ಕೈನ ಎದೆ ಹತ್ರ ಇಟ್ಕೊಂಡು ಒದ್ದೆ ಬಟ್ಟೆ ಹಿಂಡೋ ಥರ ಹೊಸೀತಾನೇ ಇರುತ್ತೆ. ವಿಯೆನ್ನಾದ ಡಾಕ್ಟರ್ ಆಂಡ್ರಿಯಾಸ್ ರೆಟ್ 1966ರಲ್ಲೇ ಇದರ ಬಗ್ಗೆ ಬರೆದಿದ್ರು. ಕಾರಣ ಸಿಕ್ಕಿದ್ದು ಮಾತ್ರ 1999ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಹುದಾ ಜೋಗ್ಬಿ ಅವರ ಲ್ಯಾಬ್‌ನಲ್ಲಿ. ಹೆಣ್ಣುಮಕ್ಕಳಲ್ಲಿ ಎರಡು, ಗಂಡುಮಕ್ಕಳಲ್ಲಿ ಒಂದೇ ಇರೋ ಎಕ್ಸ್ ಕ್ರೋಮೋಸೋಮ್ ಅನ್ನೋ ಡಿಎನ್‌ಎ ಕಟ್ಟಿನ ಮೇಲಿರೋ ಮೆಕ್‌ಪಿ2 ಅನ್ನೋ ಒಂದೇ ಜೀನ್ ಕೆಟ್ಟಿರುತ್ತೆ.

ಈ ಜೀನ್ ಮಾಡೋ ಪ್ರೋಟೀನ್‌ನ ಕೆಲಸಾನೇ ಬೇರೆ ಜೀನ್‌ಗಳನ್ನ ಹದದಲ್ಲಿಡೋದು. ಡಿಎನ್‌ಎ ಮೇಲೆ ಅಲ್ಲಲ್ಲಿ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುರುತು ಇರುತ್ತೆ, ಇದು ಹೋಗಿ ಆ ಗುರುತಿಗೆ ಅಂಟ್ಕೊಂಡು ಅಕ್ಕಪಕ್ಕದ ಜೀನ್‌ಗಳ ಕೆಲಸ ತಗ್ಗಿಸುತ್ತೆ. ನನ್ನನ್ನ ಈ ವಿಷಯಕ್ಕೆ ಎಳೆದಿದ್ದೇ ಮುಂದಿನ ಸಂಗತಿ: ನರಕೋಶಗಳಲ್ಲಿ ಇಂಥ ಗುರುತುಗಳಲ್ಲಿ ಒಂದು ಬಗೆಯವು ಹುಟ್ಟಿದ ಮೇಲೆ, ಮೊದಲ ಕೆಲವು ವರ್ಷಗಳಲ್ಲಿ ಜಾಸ್ತಿ ಆಗ್ತಾ ಹೋಗುತ್ತೆ, ಅಂದ್ರೆ ಮಗು ನೋಡಿ ಕೇಳಿ ಕಲಿಯೋ ಹೊತ್ತಲ್ಲೇ, ಹಂಗಾಗಿ ಅಷ್ಟು ದಿನ ಚೆನ್ನಾಗಿದ್ದ ಮಗುಗೆ ಆಗಲೇ ಯಾಕೆ ತೊಂದರೆ ಶುರು ಆಗುತ್ತೆ ಅನ್ನೋದಕ್ಕೆ ಒಂದು ಎಳೆ ಇಲ್ಲಿ ಸಿಗುತ್ತೆ.

ಈ ಪ್ರೋಟೀನ್ ಡಿಎನ್‌ಎ ಮೇಲೆ ಎಲ್ಲೆಲ್ಲಿ ಅಂಟಿದೆ ಅಂತ ನೋಡೋಕೆ ಲ್ಯಾಬಲ್ಲಿ ನಾವು ಇಲಿ ಮೆದುಳಿನ ಚೂರನ್ನ ಐಸ್ ಮೇಲಿಟ್ಟು, ಫಾರ್ಮಾಲ್ಡಿಹೈಡ್ ಹಾಕಿ ಪ್ರೋಟೀನ್ ಎಲ್ಲಿ ಕೂತಿದೆಯೋ ಅಲ್ಲೇ ಹಿಡಿದು ನಿಲ್ಲಿಸ್ತೀವಿ, ಆಮೇಲೆ ಶಬ್ದದ ಅಲೆಯಿಂದ ಡಿಎನ್‌ಎನ ಸಣ್ಣ ತುಂಡು ಮಾಡಿ, ಆಂಟಿಬಾಡಿ ಹಾಕಿ ಆ ಪ್ರೋಟೀನ್ ಅಂಟಿರೋ ತುಂಡುಗಳನ್ನ ಮಾತ್ರ ಹೊರಗೆ ಎಳೀತೀವಿ. ಬೇರೆ ಪ್ರೋಟೀನ್ ಆದ್ರೆ ಇಂತಿಂಥ ಜಾಗ ಅಂತ ಎದ್ದು ಕಾಣುತ್ತೆ. ಇದು ಹಾಗಲ್ಲ. ಬಲಿತ ಒಂದು ನರಕೋಶದಲ್ಲಿ ಇದರ ಸುಮಾರು 1.6 ಕೋಟಿ ಅಣುಗಳಿರುತ್ತೆ, ಡಿಎನ್‌ಎ ಉದ್ದಕ್ಕೂ ಹರಡಿರುತ್ತೆ, ಎಲ್ಲಾ ಕಡೆ ಇರೋದು ಎಲ್ಲಿ ನಿಜವಾಗಿ ಕೆಲಸ ಮಾಡ್ತಿದೆ ಅಂತ ಬೇರ್ಪಡಿಸೋದೇ ಕಷ್ಟ. ಉದ್ದುದ್ದ ಜೀನ್‌ಗಳ ಮೇಲೆ ಪರಿಣಾಮ ಜಾಸ್ತಿ ಅಂತ 2015ರಲ್ಲಿ ಹಾರ್ವರ್ಡ್‌ನ ಮೈಕಲ್ ಗ್ರೀನ್‌ಬರ್ಗ್ ಗುಂಪು ತೋರಿಸ್ತು, ಅದನ್ನ ಒಪ್ಪದೇ ಇರೋರೂ ಇದಾರೆ, ಚರ್ಚೆ ಇನ್ನೂ ಮುಗಿದಿಲ್ಲ.

2007ರಲ್ಲಿ ಎಡಿನ್‌ಬರಾದ ಏಡ್ರಿಯನ್ ಬರ್ಡ್ ಅವರ ಗುಂಪು, ಕಾಯಿಲೆ ಬಲಿತ ಇಲಿಗಳಲ್ಲಿ ಮುಚ್ಚಿಟ್ಟಿದ್ದ ಈ ಜೀನನ್ನ ಮತ್ತೆ ಶುರು ಮಾಡಿಸ್ತು. ಇಲಿಗಳು ಚೇತರಿಸ್ಕೊಂಡ್ವು! ಅಂದ್ರೆ ನರಕೋಶಗಳು ಸತ್ತಿರಲಿಲ್ಲ. ಹಂಗಂತ ಜೀನ್ ತಂದು ಸುರಿದ್ರೆ ಆಗಲ್ಲ, ಇದೇ ಜೀನ್ ಎರಡೆರಡು ಪ್ರತಿ ಇರೋ ಗಂಡುಮಕ್ಕಳಿಗೆ ಬೇರೆಯದೇ ಗಂಭೀರ ಕಾಯಿಲೆ ಬರುತ್ತೆ, ಕಮ್ಮಿ ಆದ್ರೂ ಕಷ್ಟ ಜಾಸ್ತಿ ಆದ್ರೂ ಕಷ್ಟ, ಅದಕ್ಕೇ ಈಗ ನಡೀತಿರೋ ಜೀನ್ ಥೆರಪಿ ಟ್ರಯಲ್‌ಗಳಲ್ಲಿ ಪ್ರಮಾಣದ್ದೇ ದೊಡ್ಡ ಚಿಂತೆ. ಟ್ರೋಫಿನೆಟೈಡ್ ಅನ್ನೋ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ತು, ಅದು ಲಕ್ಷಣಗಳನ್ನ ಸ್ವಲ್ಪ ಕಮ್ಮಿ ಮಾಡುತ್ತೆ, ಗುಣ ಮಾಡಲ್ಲ.

ಒಂದು ಮಾತು ತಾಯಂದಿರಿಗೆ, ಅವರ ಮನೆಯವರಿಗೂ. ಈ ಜೀನ್ ತಪ್ಪು ಹೆಚ್ಚಿನ ಮಕ್ಕಳಲ್ಲಿ ಹೊಸದಾಗಿ ಆಗಿರುತ್ತೆ, ಅದೂ ಬಹುಪಾಲು ತಂದೆಯ ವೀರ್ಯಾಣುವಿನಲ್ಲಿ, ಯಾರ ಕೈಲೂ ತಡೆಯೋಕಾಗದ ಹಾಗೆ. ಬಸುರಿಯಲ್ಲಿ ಏನು ತಿಂದೆ, ಗ್ರಹಣ ನೋಡಿದ್ಯಾ ಅಂತ ದಯವಿಟ್ಟು ಯಾರೂ ಆ ತಾಯಿನ ಕೇಳ್ಬೇಡಿ. ಮಗು ಆಡ್ತಿದ್ದ ಮಾತು ನಿಂತ್ರೆ, ಕೈ ಹೊಸೆಯೋಕೆ ಶುರು ಮಾಡಿದ್ರೆ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ, ರಕ್ತದಲ್ಲೇ ಜೀನ್ ಟೆಸ್ಟ್ ಮಾಡ್ತಾರೆ. ನಮಸ್ಕಾರ.