ಆಕಾಶಕ್ಕೆ ಹೆದರಿ ಬದುಕಿದ ಹಕ್ಕಿಗಳು: ನ್ಯೂಜಿಲೆಂಡ್ ಕಳೆದುಕೊಂಡ ಜೀವಿಗಳ ಕಥೆ

[ದೃಶ್ಯ: ದಕ್ಷಿಣ ಪೆಸಿಫಿಕ್ ಸಾಗರದ ನಕ್ಷೆ, ನಿಧಾನವಾಗಿ ನ್ಯೂಜಿಲೆಂಡ್ ಹತ್ತಿರವಾಗುತ್ತದೆ]

ಎಲ್ಲರಿಗೂ ನಮಸ್ಕಾರ.

ನರಿ ಇಲ್ಲ, ನಾಯಿ ಇಲ್ಲ, ಬೆಕ್ಕಿಲ್ಲ, ಇಲಿ ಕೂಡ ಇಲ್ಲ. ಹಾವಂತೂ ಇಲ್ಲವೇ ಇಲ್ಲ. ಮನುಷ್ಯ ಕಾಲಿಡುವ ಮುಂಚಿನ ನ್ಯೂಜಿಲೆಂಡ್ ಹೀಗಿತ್ತು. ಸುಮಾರು 8 ಕೋಟಿ ವರ್ಷಗಳ ಹಿಂದೆ ಗೊಂಡ್ವಾನಾ ಮಹಾಖಂಡದಿಂದ ಕಳಚಿಕೊಂಡ ಈ ನೆಲದಲ್ಲಿ, ಜನ ಬರೋ ಹೊತ್ತಿಗೆ ಇದ್ದ ಸಸ್ತನಿಗಳು ಅಂದ್ರೆ ಬಾವಲಿಗಳು ಮತ್ತು ಕಡಲ ದಡದ ಸೀಲ್‌ಗಳು, ಅಷ್ಟೇ.

ಹಾಗಾದ್ರೆ ಕಾಡಿನ ಸೊಪ್ಪು ಮೇಯುತ್ತಿದ್ದವರು ಯಾರು? ಮೇಯುವವರನ್ನ ಬೇಟೆಯಾಡುತ್ತಿದ್ದವರು ಯಾರು? ಎರಡೂ ಕೆಲಸ ಹಕ್ಕಿಗಳದ್ದೇ ಆಗಿತ್ತು.

ಈ ಹಕ್ಕಿಗಳಲ್ಲಿ ಎಷ್ಟೋ ಇವತ್ತಿಲ್ಲ. ಅವುಗಳ ಮಾತು ಬಂದಾಗ ಜನ ಸಲೀಸಾಗಿ ಹೇಳಿಬಿಡ್ತಾರೆ: ಹಾರೋಕೆ ಬಾರದ ಪೆದ್ದ ಹಕ್ಕಿಗಳು, ಇವತ್ತಲ್ಲ ನಾಳೆ ಅಳಿಯಲೇಬೇಕಿತ್ತು ಅಂತ. ಈ ಮಾತು ತಪ್ಪು ಅನ್ನೋದಕ್ಕೇ ಈ ವಿಡಿಯೋ ಮಾಡ್ತಿದ್ದೀನಿ. ಅವು ಪೆದ್ದ ಆಗಿರಲಿಲ್ಲ. ಅವುಗಳ ಶತ್ರು ಇದ್ದದ್ದು ಮೇಲೆ, ಆಕಾಶದಲ್ಲಿ. ಆ ಶತ್ರುವಿನಿಂದ ತಪ್ಪಿಸಿಕೊಳ್ಳೋ ವಿದ್ಯೆಯನ್ನ ಅವು ಲಕ್ಷಾಂತರ ವರ್ಷ ಕಲಿತಿದ್ದವು.

[ದೃಶ್ಯ: ಮೋವಾ ಅಸ್ಥಿಪಂಜರದ ಪಕ್ಕ ಮನುಷ್ಯನ ಆಕೃತಿ]

ಮೊದಲು ಮೋವಾ. ಒಟ್ಟು ಒಂಬತ್ತು ಪ್ರಭೇದ. ದೊಡ್ಡ ಜಾತಿಯ ಹೆಣ್ಣು ಕತ್ತೆತ್ತಿ ನಿಂತರೆ ಸುಮಾರು ಮೂರೂವರೆ ಮೀಟರ್ ಎತ್ತರ, ತೂಕ 200 ಕಿಲೋಗೂ ಮೇಲೆ. ಉಷ್ಟ್ರಪಕ್ಷಿಗೆ ಚಿಕ್ಕದಾದರೂ ರೆಕ್ಕೆ ಇದೆ, ಮೋವಾಕ್ಕೆ ರೆಕ್ಕೆಯ ಮೂಳೆಯೇ ಇರಲಿಲ್ಲ. ಹೊರಜಗತ್ತಿಗೆ ಇದರ ಸುಳಿವು ಸಿಕ್ಕಿದ್ದು 1839ರಲ್ಲಿ. ಲಂಡನ್ನಿನ ಅಂಗರಚನಾ ತಜ್ಞ ರಿಚರ್ಡ್ ಓವನ್ ಕೈಗೆ 15 ಸೆಂಟಿಮೀಟರ್ ಉದ್ದದ, ಎರಡೂ ತುದಿ ಮುರಿದ ಒಂದು ಮೂಳೆ ಬಂತು. ಅದನ್ನ ನೋಡಿ, ನ್ಯೂಜಿಲೆಂಡಿನಲ್ಲಿ ಉಷ್ಟ್ರಪಕ್ಷಿಯಷ್ಟು ದೊಡ್ಡ ಹಕ್ಕಿ ಇದೆ ಅಥವಾ ಇತ್ತು ಅಂತ ಓವನ್ ಘೋಷಿಸಿದರು. ನಾಲ್ಕು ವರ್ಷದ ನಂತರ ರಾಶಿ ಮೂಳೆಗಳು ಬಂದು ಅವರ ಮಾತು ನಿಜವಾಯ್ತು.

ಇನ್ನೊಂದು ಸಂಗತಿ ಬೆಳಕಿಗೆ ಬರೋಕೆ 2003ರವರೆಗೆ ಕಾಯಬೇಕಾಯ್ತು. ದೊಡ್ಡ ಮೂಳೆ ಒಂದು ಜಾತಿಯದ್ದು, ಚಿಕ್ಕ ಮೂಳೆ ಇನ್ನೊಂದರದ್ದು ಅಂತ ವಿಜ್ಞಾನಿಗಳು ಬೇರೆ ಬೇರೆ ಹೆಸರಿಟ್ಟಿದ್ದರು. ಡಿಎನ್‌ಎ ಪರೀಕ್ಷೆ ಮಾಡಿದ್ರೆ, ಎರಡೂ ಒಂದೇ ಜಾತಿಯ ಗಂಡು ಹೆಣ್ಣು! ಹೆಣ್ಣಿನ ತೂಕ ಗಂಡಿನ ಎರಡು ಪಟ್ಟಿಗೂ ಹೆಚ್ಚು.

[ದೃಶ್ಯ: ಕಣಿವೆಯ ಮೇಲೆ ಹಾರುವ ಬೃಹತ್ ಹದ್ದಿನ ಚಿತ್ರ]

ಇಷ್ಟು ದೊಡ್ಡ ಮೋವಾವನ್ನೂ ಬೇಟೆಯಾಡುತ್ತಿದ್ದ ಹಕ್ಕಿ ಹಾಸ್ಟ್ ಹದ್ದು. 1871ರಲ್ಲಿ ಯೂಲಿಯಸ್ ಫಾನ್ ಹಾಸ್ಟ್ ಅನ್ನೋ ಭೂವಿಜ್ಞಾನಿ, ಗ್ಲೆನ್‌ಮಾರ್ಕ್ ಎಂಬ ಊರಿನ ಜೌಗು ನೆಲದಲ್ಲಿ ಮೋವಾ ಮೂಳೆಗಳ ಜೊತೆ ಸಿಕ್ಕ ಎಲುಬುಗಳಿಂದ ಇದನ್ನ ಗುರುತಿಸಿದರು. ಹೆಣ್ಣು ಹದ್ದು 10ರಿಂದ 15 ಕಿಲೋ ತೂಗುತ್ತಿತ್ತು ಅಂತ ಅಂದಾಜು. ನಮಗೆ ಗೊತ್ತಿರೋ ಹದ್ದುಗಳಲ್ಲೆಲ್ಲ ಇದೇ ಅತಿ ಭಾರದ್ದು. ಮೋವಾಗಳ ಸೊಂಟದ ಮೂಳೆಯಲ್ಲಿ ಇದರ ಉಗುರು ತೂರಿದ ತೂತುಗಳು ಇವತ್ತಿಗೂ ಕಾಣುತ್ತವೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರ ಕಥೆಗಳಲ್ಲಿ ಪೌವಾಕಾಯ್ ಅನ್ನೋ ಮನುಷ್ಯರನ್ನ ಹೊತ್ತೊಯ್ಯುವ ದೈತ್ಯ ಹಕ್ಕಿ ಬರುತ್ತೆ. ಅದು ಈ ಹದ್ದಿನ ನೆನಪೇ ಇರಬೇಕು ಅಂತ ಹಲವರ ನಂಬಿಕೆ, ನನ್ನದೂ ಕೂಡ.

ನಮ್ಮ ಕಡೆಯವರಿಗೆ ಕುತೂಹಲ ಹುಟ್ಟಿಸೋ ಒಂದು ಮಾತು ಇಲ್ಲಿದೆ. 2005ರ ಡಿಎನ್‌ಎ ಅಧ್ಯಯನದ ಪ್ರಕಾರ ಈ ದೈತ್ಯನ ಹತ್ತಿರದ ಬಂಧುಗಳು ಆಸ್ಟ್ರೇಲಿಯಾದ ಲಿಟಲ್ ಈಗಲ್ ಮತ್ತು ಬೂಟೆಡ್ ಈಗಲ್. ಎರಡೂ ಒಂದು ಕಿಲೋ ಆಸುಪಾಸಿನ ಪುಟ್ಟ ಹದ್ದುಗಳು. ಬೂಟೆಡ್ ಈಗಲ್ ಚಳಿಗಾಲದಲ್ಲಿ ಕರ್ನಾಟಕಕ್ಕೂ ಬರುತ್ತೆ, ಪಕ್ಷಿ ವೀಕ್ಷಕರು ಹೊಲಗಳ ಮೇಲೆ ನೋಡಿರ್ತೀರಿ. ಅದರ ಗುಂಪಿನದ್ದೇ ಒಂದು ಹಕ್ಕಿ ನ್ಯೂಜಿಲೆಂಡ್ ಸೇರಿ ಹತ್ತು ಪಟ್ಟಿಗೂ ಹೆಚ್ಚು ಬೆಳೆಯಿತು.

ಈಗ ಆ ಕಾಡಿನ ಬೇರೆ ಹಕ್ಕಿಗಳ ಸ್ಥಾನದಲ್ಲಿ ನಿಂತು ಯೋಚನೆ ಮಾಡಿ. ಬೇಟೆಗಾರ ಮೇಲಿಂದ, ಕಣ್ಣಿನಿಂದ ಹುಡುಕ್ತಾನೆ. ತಪ್ಪಿಸಿಕೊಳ್ಳೋ ದಾರಿ ಯಾವುದು? ಪಾಚಿಯ ಬಣ್ಣ, ತರಗೆಲೆಯ ಬಣ್ಣ ಮೈಗೂಡಿಸಿಕೊಳ್ಳೋದು. ರಾತ್ರಿ ಓಡಾಡೋದು. ಅಪಾಯ ಕಂಡರೆ ಅಲ್ಲಾಡದೆ ನಿಂತುಬಿಡೋದು. ಇವತ್ತಿಗೂ ಬದುಕಿರೋ ಕಾಕಾಪೋ ಗಿಳಿ ಹೀಗೇ ನಿಲ್ಲುತ್ತೆ. ಹದ್ದಿನ ಎದುರು ಇದು ಒಳ್ಳೇ ಉಪಾಯ. ಆದ್ರೆ ಇಲಿ, ನಾಯಿ ಮೂಗಿನಿಂದ ಹುಡುಕುತ್ತವೆ. ಅಲ್ಲಾಡದೆ ನಿಂತ ಹಕ್ಕಿ ಅವುಗಳಿಗೆ ಸುಲಭದ ಊಟ. ಕಾಕಾಪೋ ಮೈಗೆ ಗಾಢವಾದ ವಾಸನೆ ಬೇರೆ ಇದೆ.

[ದೃಶ್ಯ: ಪಾಲಿನೇಶಿಯಾದ ಜೋಡಿ ದೋಣಿ]

ಸುಮಾರು ಕ್ರಿ.ಶ. 1300ರ ಹೊತ್ತಿಗೆ ಪಾಲಿನೇಶಿಯಾದಿಂದ ಮಾವೋರಿಗಳ ಪೂರ್ವಜರು ಬಂದರು. ಜೊತೆಗೆ ಕುರೀ ಅನ್ನೋ ನಾಯಿ, ಕಿಯೋರೆ ಅನ್ನೋ ಇಲಿ. ಮುಂದಿನ ನೂರೈವತ್ತು ವರ್ಷದೊಳಗೆ ಒಂಬತ್ತು ಜಾತಿಯ ಮೋವಾಗಳೂ ಮುಗಿದವು. ಆಗ ಇಡೀ ದೇಶದಲ್ಲಿ ಇದ್ದದ್ದು ಕೆಲವೇ ಸಾವಿರ ಜನ. ಅಷ್ಟು ಕಡಿಮೆ ಜನರಿಂದ ಇದು ಆಗಿದ್ದು ಹೇಗೆ? ಉತ್ತರ ಮೋವಾ ಮೂಳೆಯಲ್ಲೇ ಇದೆ. ಮರದ ಹಾಗೆ ಅವುಗಳ ಎಲುಬಿನಲ್ಲೂ ಬೆಳವಣಿಗೆಯ ಉಂಗುರಗಳಿವೆ. ಕೆಲವು ಜಾತಿಗಳು ಪ್ರಾಯಕ್ಕೆ ಬರೋಕೆ ಹತ್ತಿರ ಹತ್ತಿರ ಹತ್ತು ವರ್ಷ ತಗೊಳ್ತಿದ್ದವು. ಅಷ್ಟು ನಿಧಾನವಾಗಿ ಬೆಳೆಯೋ ಪ್ರಾಣಿಯ ದೊಡ್ಡವನ್ನೂ ಕೊಂದು ಮೊಟ್ಟೆಯನ್ನೂ ತೆಗೆದರೆ, ಸತ್ತ ಜಾಗವನ್ನ ತುಂಬೋಕೆ ಮರಿಗಳೇ ಇರೋದಿಲ್ಲ. ಮೋವಾ ಹೋದ ಮೇಲೆ ಹದ್ದಿಗೆ ಊಟವಿಲ್ಲ. ಅದೂ ಹೋಯ್ತು.

ಇದಕ್ಕೆ ಮಾವೋರಿಗಳನ್ನಷ್ಟೇ ದೂರೋದು ನನಗೆ ಸರಿ ಕಾಣೋದಿಲ್ಲ. ಹೊಸ ನೆಲದಲ್ಲಿ ಹೊಟ್ಟೆ ತುಂಬಿಸಿಕೊಂಡವರು ಅವರು. ಮುಂದೆ ಯುರೋಪಿನವರು ಮಾಡಿದ್ದು ಗೊತ್ತಿದ್ದೂ ಮಾಡಿದ್ದು.

[ದೃಶ್ಯ: ಹುಯಿಯಾ ಜೋಡಿ, ಗಂಡಿನ ಕೊಕ್ಕು ಗಿಡ್ಡ, ಹೆಣ್ಣಿನದು ಬಾಗಿದ ಉದ್ದ ಕೊಕ್ಕು]

ಹುಯಿಯಾ. ಕಪ್ಪು ಮೈ, ಬಾಲದ ತುದಿ ಬಿಳಿ. ಗಂಡಿಗೆ ಗಟ್ಟಿ ಗಿಡ್ಡ ಕೊಕ್ಕು, ಹೆಣ್ಣಿಗೆ ಕುಡುಗೋಲಿನಂತೆ ಬಾಗಿದ ಉದ್ದ ಕೊಕ್ಕು. ಮಾವೋರಿಗಳಿಗೆ ಇದು ಪವಿತ್ರ ಹಕ್ಕಿ. ಇದರ ಗರಿ ಮುಡಿಯೋ ಹಕ್ಕು ದೊಡ್ಡ ಮನೆತನದವರಿಗೆ ಮಾತ್ರ. 19ನೇ ಶತಮಾನದಲ್ಲಿ ಯುರೋಪಿನ ಮ್ಯೂಸಿಯಂಗಳಿಗೆ, ಶ್ರೀಮಂತರ ಸಂಗ್ರಹಕ್ಕೆ ಇದರ ಚರ್ಮ ಬೇಕಾಯ್ತು. 1883ರಲ್ಲಿ 11 ಜನರ ಒಂದು ತಂಡ ಒಂದೇ ತಿಂಗಳಲ್ಲಿ 646 ಹುಯಿಯಾ ಚರ್ಮ ತಂದ ದಾಖಲೆ ಇದೆ. ಅತ್ತ ಕಾಡು ಕಡಿದು ಹುಲ್ಲುಗಾವಲು ಮಾಡ್ತಿದ್ದರು. ಹಡಗುಗಳಿಂದ ಹೊಸ ಇಲಿಗಳು ಇಳಿದಿದ್ದವು. ಬೇಟೆಗೆ ಅಂತ ತಂದ ಮೊಲಗಳು ಮಿತಿಮೀರಿದಾಗ, ಅವನ್ನ ಹಿಡಿಯಲಿ ಅಂತ 1880ರ ದಶಕದಲ್ಲಿ ಸ್ಟೋಟ್ ಎಂಬ ಸಣ್ಣ, ಚುರುಕಾದ ಬೇಟೆ ಪ್ರಾಣಿಯನ್ನ ಬಿಟ್ಟರು. ಸ್ಥಳೀಯ ಹಕ್ಕಿಗಳ ಗತಿ ಏನಾಗುತ್ತೆ ಅಂತ ಪಕ್ಷಿ ತಜ್ಞರು ಮೊದಲೇ ಎಚ್ಚರಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

1892ರಲ್ಲಿ ಹುಯಿಯಾ ಕೊಲ್ಲಬಾರದು ಅಂತ ಕಾನೂನು ಬಂತು. ಕಾಗದದ ಮೇಲೆ. 1901ರಲ್ಲಿ ಬ್ರಿಟನ್ನಿನ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವರು, ನ್ಯೂಜಿಲೆಂಡಿಗೆ ಬಂದಾಗ ಅವರ ಹ್ಯಾಟಿಗೆ ಹುಯಿಯಾ ಗರಿ ಸಿಕ್ಕಿಸಿ ಗೌರವಿಸಿದರು. ಆ ಗರಿ ಫ್ಯಾಷನ್ ಆಗಿಹೋಯ್ತು. ಹುಯಿಯಾ ಕೊನೆಯ ಬಾರಿ ಖಚಿತವಾಗಿ ಕಂಡದ್ದು 1907ರ ಡಿಸೆಂಬರ್ 28ರಂದು, ತರರುವಾ ಬೆಟ್ಟಸಾಲಿನಲ್ಲಿ. 2024ರಲ್ಲಿ ಒಂದೇ ಒಂದು ಹುಯಿಯಾ ಗರಿ ಹರಾಜಿನಲ್ಲಿ 46 ಸಾವಿರಕ್ಕೂ ಹೆಚ್ಚು ನ್ಯೂಜಿಲೆಂಡ್ ಡಾಲರಿಗೆ ಹೋಯ್ತು.

ಅದರ ದನಿ ಯಾವ ಯಂತ್ರದಲ್ಲೂ ದಾಖಲಾಗಲಿಲ್ಲ. ಹುಯಿಯಾ ಹುಡುಕಲು 1909ರಲ್ಲಿ ಕಾಡಿಗೆ ಹೋದ ತಂಡದಲ್ಲಿ ಹೆನಾರೆ ಹಮಾನಾ ಅನ್ನೋ ಮಾವೋರಿ ಇದ್ದರು. ಸಿಳ್ಳೆ ಹಾಕಿ ಹುಯಿಯಾವನ್ನ ಕರೆಯೋದು ಅವರಿಗೆ ಗೊತ್ತಿತ್ತು. 1949ರಲ್ಲಿ ಆ ಸಿಳ್ಳೆಯನ್ನ ಧ್ವನಿಮುದ್ರಿಸಿಕೊಂಡರು. ನಮಗೆ ಉಳಿದಿರೋದು ಮನುಷ್ಯನ ಬಾಯಿಂದ ಬಂದ ಆ ದನಿ ಮಾತ್ರ.

[ದೃಶ್ಯ: ಸ್ಟೀಫನ್ಸ್ ದ್ವೀಪದ ದೀಪಸ್ತಂಭ]

ದೀಪಸ್ತಂಭ ಕಾಯುವವನ ಒಂದೇ ಬೆಕ್ಕು ಒಂದಿಡೀ ಹಕ್ಕಿ ಜಾತಿಯನ್ನ ತಿಂದು ಮುಗಿಸ್ತು ಅನ್ನೋ ಕಥೆ ಇಂಟರ್‌ನೆಟ್‌ನಲ್ಲಿ ತುಂಬಾ ಓಡಾಡುತ್ತೆ. 1894ರ ಸ್ಟೀಫನ್ಸ್ ದ್ವೀಪದ ಕಥೆ ಅದು. ಹಾರಲಾರದ ಆ ಪುಟ್ಟ ಹಕ್ಕಿಯ ಹೆಸರು ಲಯಲ್ಸ್ ರೆನ್. ಕಥೆಯಲ್ಲಿ ಅರ್ಧ ಮಾತ್ರ ನಿಜ. ಅಲ್ಲಿ ಇದ್ದದ್ದು ಒಂದು ಬೆಕ್ಕಲ್ಲ, ಕಾಡುಪಾಲಾಗಿ ಹೆಚ್ಚಿದ ಹಲವು ಬೆಕ್ಕುಗಳು. ಅದಕ್ಕಿಂತ ಮುಖ್ಯವಾದದ್ದು, ಈ ಹಕ್ಕಿ ಒಂದು ಕಾಲಕ್ಕೆ ನ್ಯೂಜಿಲೆಂಡಿನ ಎರಡೂ ದೊಡ್ಡ ದ್ವೀಪಗಳಲ್ಲಿ ಇತ್ತು. ಅಲ್ಲಿ ಅದನ್ನ ಮುಗಿಸಿದ್ದು ಇಲಿಗಳು. ಬೆಕ್ಕಿನ ಬಾಯಿಗೆ ಸಿಕ್ಕಿದ್ದು ಕೊನೆಯ ಗುಂಪು.

[ದೃಶ್ಯ: ಟೌಕಿಹೆಪಾ ದ್ವೀಪದ ಕಾಡು]

ನನ್ನನ್ನ ತುಂಬಾ ಕಾಡೋದು 1964ರ ಘಟನೆ. ದಕ್ಷಿಣದ ತುದಿಯಲ್ಲಿ ಟೌಕಿಹೆಪಾ ಎಂಬ ದ್ವೀಪ. ಇಲಿ ಮುಟ್ಟದ ಕಾಡು. ಕಡಲ ಹಕ್ಕಿಯ ಮರಿ ಹಿಡಿಯಲು ಪ್ರತಿವರ್ಷ ಅಲ್ಲಿಗೆ ಹೋಗುವ ಮಾವೋರಿ ಕುಟುಂಬಗಳು, ಇಲಿಗಳು ಬಂದಿವೆ, ಹಕ್ಕಿಗಳು ಕಾಣಿಸ್ತಿಲ್ಲ ಅಂತ ಸುದ್ದಿ ಮುಟ್ಟಿಸಿದರು. ವನ್ಯಜೀವಿ ಇಲಾಖೆಯವರು ಹೊರಡಬೇಕು ಅಂದಾಗ, ಇಲಿಯಿಂದ ಅಂಥಾ ಅನಾಹುತ ಆಗಲ್ಲ, ನೀವು ಕೈ ಹಾಕಬೇಡಿ ಅಂದ ವಿಜ್ಞಾನಿಗಳೂ ಇದ್ದರು. ಆದರೂ ಒಂದು ಸಣ್ಣ ತಂಡ ಹೋಯ್ತು. ಬೇರೆ ಕಡೆ ಸಾಗಿಸೋಕೆ ಅಂತ ಹಿಡಿದ ಎರಡು ಸ್ನೈಪ್ ಹಕ್ಕಿಗಳು ಸತ್ತವು. ಬುಷ್ ರೆನ್ ಅನ್ನೋ ಆರು ಪುಟ್ಟ ಹಕ್ಕಿಗಳನ್ನ ಬೇರೆ ದ್ವೀಪಕ್ಕೆ ಬಿಟ್ಟರು, ಅವುಗಳ ಸಂತತಿಯೂ ಉಳಿಯಲಿಲ್ಲ. ಒಂದು ಜಾತಿಯ ಬಾವಲಿ ಅಲ್ಲಿ ಕೊನೆಯದಾಗಿ ಖಚಿತವಾಗಿ ಕಂಡದ್ದು 1967ರಲ್ಲಿ. ಮೂರು ಜೀವಿಗಳು, ಜನ ನೋಡ್ತಾ ನೋಡ್ತಾನೇ ಹೋದವು.

ಆದ್ರೆ ಅದೇ ತಂಡ ತಿಯೆಕೆ ಅನ್ನೋ ಹಕ್ಕಿಯ 36 ಜೀವಗಳನ್ನ ಇಲಿಯಿಲ್ಲದ ದ್ವೀಪಗಳಿಗೆ ಸಾಗಿಸಿತು. ಇವತ್ತು ಬದುಕಿರೋ ದಕ್ಷಿಣ ದ್ವೀಪದ ತಿಯೆಕೆಗಳೆಲ್ಲ ಆ 36ರ ಸಂತಾನ. ಇಲಿಯ ಬಗ್ಗೆ ಇದ್ದ ವಾದ ಅಲ್ಲಿಗೆ ಮುಗೀತು. ನ್ಯೂಜಿಲೆಂಡಿನವರು ಒಂದೊಂದೇ ದ್ವೀಪವನ್ನ ಇಲಿಗಳಿಂದ ಬಿಡಿಸೋಕೆ ಶುರು ಮಾಡಿದರು.

[ದೃಶ್ಯ: ಕ್ಯಾಂಪ್‌ಬೆಲ್ ದ್ವೀಪ, ಹೆಲಿಕಾಪ್ಟರ್]

2001ರಲ್ಲಿ, ನ್ಯೂಜಿಲೆಂಡಿನ ದಕ್ಷಿಣಕ್ಕೆ ದೂರದಲ್ಲಿರೋ ಕ್ಯಾಂಪ್‌ಬೆಲ್ ದ್ವೀಪದ ಸರದಿ. 11 ಸಾವಿರ ಹೆಕ್ಟೇರ್‌ಗೂ ಹೆಚ್ಚು ನೆಲಕ್ಕೆ ಹೆಲಿಕಾಪ್ಟರ್‌ಗಳಿಂದ ಇಲಿ ಪಾಷಾಣ ಸುರಿದರು. 2003ರಲ್ಲಿ ಒಂದೂ ಇಲಿ ಉಳಿದಿಲ್ಲ ಅಂತ ಖಚಿತವಾಯ್ತು. ಪಕ್ಕದಲ್ಲಿ ಜಾಕ್ಮಾರ್ಟ್ ಅನ್ನೋ ಬಂಡೆಯಂಥ ಪುಟ್ಟ ದ್ವೀಪ ಇದೆ. ಅಲ್ಲಿ ಒಂದು ಜಾತಿಯ ಸ್ನೈಪ್ ಹಕ್ಕಿ ಅಡಗಿಕೊಂಡು ಉಳಿದಿರೋದು 1997ರಲ್ಲಷ್ಟೇ ಗೊತ್ತಾಗಿತ್ತು. ಇಲಿ ಹೋದ ಕೆಲವೇ ವರ್ಷಗಳಲ್ಲಿ ಆ ಸ್ನೈಪ್‌ಗಳು ಯಾರ ಸಹಾಯವೂ ಇಲ್ಲದೆ ನೀರು ದಾಟಿ ಬಂದು ಕ್ಯಾಂಪ್‌ಬೆಲ್ ದ್ವೀಪದಲ್ಲಿ ಮರಿ ಮಾಡಿದವು.